ಮುಚ್ಚಿಬಿಟ್ಟ ತಿದ್ದುಪಡಿ

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ೧೪, ಭಾನುವಾರ

ಪ್ರೀತಿಯ ಚಿಕ್ಕಮ್ಮಾ,

ಮಂಡಿನೋವು ಹೇಗಿದೆ? ಲೈಬ್ರರಿ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳುತ್ತೀ ತಾನೆ? ನಾನು ಚೆನ್ನಾಗಿದ್ದೇನೆ, ಆದರೆ ನಿನಗೆ ಮುಖ ತೋರಿಸುವ ಧೈರ್ಯವಿಲ್ಲ. ಫೋನ್ ಮಾಡಿದರೆ ನೀನು ಎರಡನೇ ಮಾತಿಗೇ "ಹೋಗಲಿ ಬಿಡೇ" ಅಂದು ಮುಗಿಸಿಬಿಡುತ್ತೀ. ಅದಕ್ಕೇ ಈ ಕಾಗದ.

ನೀನು ಕಂಪ್ಯೂಟರ್ ಮುಟ್ಟುವುದನ್ನೇ ಬಿಟ್ಟಿದ್ದೀಯಂತೆ, ಮೊನ್ನೆ ಅಮ್ಮ ಮಾತಿನ ನಡುವೆ ಹೇಳಿದಳು. ಕಣ್ಣು ಮಂದವಾದವರಿಗೆ ಬರಹ ಓದಿ ಹೇಳುವ ತಂತ್ರಾಂಶ ಇದೆಯಲ್ಲ, ನಾನು ನೋಡಿಕೊಳ್ಳುವುದು, ಅದು ಫೋನ್ ನಂಬರನ್ನೂ ಕೋಟಿ, ಲಕ್ಷ ಅಂತ ಓದುತ್ತದಂತೆ. ನಿನ್ನ ಲೈಬ್ರರಿಗೆ ಬರುವ ನಿವೃತ್ತ ಮೇಷ್ಟ್ರು ಡಾಕ್ಟರ ನಂಬರ್ ತಿಳಿಯದೆ ಪೇಚಾಡಿದರಂತೆ. ಅದನ್ನು ಸರಿಮಾಡಲು ನೀನು ಮೂರು ವಾರ ಕೂತು, ಕೊನೆಗೆ "ನನ್ನ ವಯಸ್ಸಿಗಲ್ಲ ಇದು" ಅಂತ ಎದ್ದುಬಿಟ್ಟೆಯಂತೆ. ಯಾರು ಏನಂದರು ಅಂತ ನೀನು ಅವಳಿಗೂ ಬಾಯಿ ಬಿಟ್ಟಿಲ್ಲ. ಅಂದವಳು ನಾನೇ ಇರಬಹುದೇ ಅಂತ ನನಗೆ ಆಗಲೇ ಅನುಮಾನ ಬಂತು.

ರೆಪೊಸಿಟರಿ ಅಂದರೇನು ಅಂತ ನಿನಗೆ ಹೇಳಿಕೊಟ್ಟವಳು ನಾನೇ. ಕೋಡೆಲ್ಲ ಅಲ್ಲಿ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಸಂಬಳ ಕೇಳದ ಕೈಗಳಿಂದಲೇ ಅದು ಬೆಳೆಯುವುದು ಅಂತ ಊಟದ ಹೊತ್ತಿನಲ್ಲಿ ಭಾಷಣ ಬಿಗಿದಿದ್ದೆ. ಮೊದಲ ಪುಟದಲ್ಲಿ "ಸಣ್ಣ ತಿದ್ದುಪಡಿಗೂ ಸ್ವಾಗತ" ಅಂತ ಬರೆದವಳೂ ನಾನೇ. ಅಮ್ಮ ಫೋನಿಟ್ಟ ಮೇಲೆ ನೀನು ಕಳಿಸಿದ್ದನ್ನು ಹುಡುಕಿದೆ. ಸಿಕ್ಕಿತು, ಫೋನ್ ನಂಬರಿನ ಬಗ್ಗೆ ಇದ್ದ ಒಂದೇ ತಿದ್ದುಪಡಿ, 'ಗುಬ್ಬಿ' ಅನ್ನುವ ಹೆಸರಿನಲ್ಲಿ ಬಂದದ್ದು. ನೀನು ಅದನ್ನು ತಪ್ಪು ಕಡತಕ್ಕೆ ಸೇರಿಸಿದ್ದೆ, ಅಷ್ಟೇ. ಹತ್ತು ನಿಮಿಷ ಕೂತು ತೋರಿಸಿಕೊಡಬಹುದಿತ್ತು. ನಾನು ಬರೆದದ್ದು, "ಇದು ಅಭ್ಯಾಸ ಮಾಡುವ ಜಾಗವಲ್ಲ. ಮೊದಲು ಕಲಿತು ಬನ್ನಿ." ಬರೆದು, ತಿದ್ದುಪಡಿಯನ್ನು ಸೇರಿಸಿಕೊಳ್ಳದೆ ಮುಚ್ಚಿಬಿಟ್ಟಿದ್ದೆ. ಅಂದು ಆಫೀಸಿನಲ್ಲಿ ಬೈಸಿಕೊಂಡಿದ್ದೆ ಅನ್ನುವುದು ಬರೀ ನೆಪ. ಕೆಳಗೆ ನಿನ್ನ ಉತ್ತರ ಒಂದೇ ಸಾಲು: "ನಿಮ್ಮ ಸಮಯ ತೆಗೆದುಕೊಂಡೆ, ಕ್ಷಮಿಸಿ." ನಾನೇ ಅಂತ ಗೊತ್ತಿದ್ದೂ ಹಾಗೆ ಬರೆದೆಯಲ್ಲ! ಮನೆಯವಳೆಂದು ನಾನು ರಿಯಾಯಿತಿ ತೋರಿಸಬಾರದು ಅಂತ ತಾನೆ ನೀನು ಹೆಸರು ಮರೆಮಾಚಿದ್ದು? ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನೀನು, ಒಂದು ದಿನವೂ ಗದರಿದ್ದು ನೆನಪಿಲ್ಲ. ನೆನೆಸಿಕೊಂಡರೆ ತಲೆ ಎತ್ತಲಾಗುತ್ತಿಲ್ಲ.

ಅದನ್ನು ಮತ್ತೆ ತೆರೆದಿದ್ದೇನೆ. ನಾನೇ ಸರಿಮಾಡಿ ಸೇರಿಸಿಬಿಡಬಹುದಿತ್ತು. ಆದರೆ ಅದು ನಿನ್ನ ಕೆಲಸ, ನೀನೇ ಮುಗಿಸಬೇಕು. ಯಾವ ಕಡತ ಅಂತ ಅಲ್ಲೇ ಬರೆದಿದ್ದೇನೆ, ಎಲ್ಲರೂ ಓದುವ ಹಾಗೆ ತಪ್ಪನ್ನೂ ಒಪ್ಪಿಕೊಂಡಿದ್ದೇನೆ. ಮನಸ್ಸಾದರೆ ನೋಡು. ಆಗದಿದ್ದರೆ ಒತ್ತಾಯಿಸುವ ಬಾಯಿ ನನಗಿಲ್ಲ.

ಚಿಕ್ಕಪ್ಪನಿಗೆ ನಮಸ್ಕಾರ ಹೇಳು. ಅವರಿಗೆ ಈ ಕಾಗದ ತೋರಿಸಿದರೂ ಪರವಾಗಿಲ್ಲ.

ನಿನ್ನ
ಚೂಟಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಹೇಳಿಬಿಡುತ್ತೇನೆ. ಅದು ನೀನು ಅಂತ ಗೊತ್ತಾಗದಿದ್ದರೆ ನಾನು ಯಾರಿಗೂ ಕ್ಷಮೆ ಕೇಳುತ್ತಿರಲಿಲ್ಲ. ಅದೇ ಇನ್ನೂ ದೊಡ್ಡ ನಾಚಿಕೆ. ಹಳೆಯದನ್ನೆಲ್ಲ ತೆಗೆದು ನೋಡಿದೆ, ನಾನು ಹೀಗೆ ಗದರಿಸಿ ಕಳಿಸಿದವರು ಇನ್ನೂ ಒಂಬತ್ತು ಜನ. ಎಲ್ಲರಿಗೂ ಬರೆದೆ. ಉತ್ತರ ಬಂದದ್ದು ಒಬ್ಬರಿಂದ. ಕೋಡ್ ಬರೆಯುವುದನ್ನು ಬಿಟ್ಟು ಎರಡು ವರ್ಷವಾಯಿತು ಅಂದಿದ್ದಾರೆ.