ಹನ್ನೊಂದನೆಯ ಹಾಸಿಗೆಗೆ ಒಂದು ಗಜ ಬಟ್ಟೆ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ತೀವ್ರ ನಿಗಾ ಘಟಕದ ಹನ್ನೊಂದನೆಯ ಹಾಸಿಗೆಯಲ್ಲಿ ನನ್ನ ತಾಯಿಯ ಎರಡೂ ಕೈಗಳನ್ನು ಬ್ಯಾಂಡೇಜು ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಲಾಗಿದೆ. ಇಂದಿಗೆ ಐದು ದಿನ. ಆಕೆ ಮಾಡಿದ ಅಪರಾಧ ಇಷ್ಟೇ: ತಲೆಯ ಮೇಲೆ ಸೆರಗು ಹೊದ್ದುಕೊಳ್ಳಲು ನೋಡಿದಳು.

ಆಕೆಯ ಹೆಸರು ಕಾಳವ್ವ. ನಿಮ್ಮಲ್ಲಿ ಎಲ್ಲರೂ ಆಕೆಯನ್ನು ‘ಇಲೆವನ್’ ಎನ್ನುವುದರಿಂದ ಹೆಸರನ್ನು ಬರೆದು ತಿಳಿಸಬೇಕಾಗಿದೆ. ಊರು ಘೋಣಸಗಿ, ವಯಸ್ಸು ಎಪ್ಪತ್ತೊಂದು. ನಲವತ್ತು ವರ್ಷ ದ್ರಾಕ್ಷಿ ತೋಟಗಳಲ್ಲಿ, ಒಣದ್ರಾಕ್ಷಿ ಶೆಡ್ಡುಗಳಲ್ಲಿ ದುಡಿದವಳು. ಈಗ ಶ್ವಾಸಕೋಶ ಸೋತಿದೆ, ಮಾಸ್ಕ್ ಇಲ್ಲದೆ ಉಸಿರಾಡಲಾಗುವುದಿಲ್ಲ. ನಾನು ಆಕೆಯ ಒಬ್ಬಳೇ ಮಗಳು. ತಿಕೋಟಾದ ತಾಲ್ಲೂಕು ಕಚೇರಿಯ ಎದುರು ಟೇಬಲ್ ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುವುದು ನನ್ನ ಕಸುಬು. ‘ಮಾನ್ಯರೇ’ ಎಂದು ದಿನಕ್ಕೆ ಹತ್ತು ಸಲ ಬರೆಯುತ್ತೇನೆ. ಸ್ವಂತಕ್ಕೆ ಬರೆಯುತ್ತಿರುವುದು ಇದೇ ಮೊದಲು.

ನಿಮ್ಮ ಘಟಕದಲ್ಲಿ ಹೆಂಗಸರಿಗೂ ಗಂಡಸರಿಗೂ ಒಂದೇ ಕೋಣೆ. ಜೀವ ಉಳಿಸುವ ಜಾಗದಲ್ಲಿ ಅದೆಲ್ಲ ನೋಡಲಾಗುವುದಿಲ್ಲ ಎನ್ನುತ್ತೀರಿ, ಒಪ್ಪಿದೆ. ಮಂಚಗಳ ಸುತ್ತ ಪರದೆಗೆಂದು ಕಬ್ಬಿಣದ ಕೋಲುಗಳಿವೆ, ಪರದೆಗಳಿಲ್ಲ. ಅವು ತೊಳೆಯಲು ಹೋಗಿವೆಯಂತೆ. ಯಾವ ಹೊಳೆಗೆ ಹೋಗಿವೆ ಸ್ವಾಮಿ? ತಾಯಿಗೆ ತೊಡಿಸಿದ ಅಂಗಿ ಮೊಣಕಾಲಿನವರೆಗೆ, ಹಿಂದೆ ಪೂರ್ತಿ ತೆರೆದದ್ದು. ಇದನ್ನೂ ಸಹಿಸಿಕೊಂಡಳು. ಆದರೆ ಎರಡನೆಯ ದಿನ ಎದುರಿನ ಹಾಸಿಗೆಗೆ ನಮ್ಮ ತಂದೆಯ ಅಣ್ಣ ಬಸಗೊಂಡಪ್ಪನವರನ್ನು ತಂದು ಮಲಗಿಸಿದಿರಿ. ಅವರಿಗೆ ಹೃದಯದ ತೊಂದರೆ. ಮದುವೆಯಾಗಿ ಐವತ್ತೆರಡು ವರ್ಷವಾದರೂ ನನ್ನ ತಾಯಿ ಆ ಭಾವನ ಎದುರು ಒಮ್ಮೆಯೂ ಬರಿದಲೆಯಲ್ಲಿ ನಿಂತವಳಲ್ಲ.

ಹೊದಿಕೆಯನ್ನೇ ಸೆರಗು ಮಾಡಿ ತಲೆಯ ಮೇಲೆ ಎಳೆದುಕೊಂಡಳು. ಎಳೆದಾಗ ಮಾಸ್ಕ್ ಜಾರಿತು. ಮತ್ತೆ ಹಾಕಿದರು, ಮತ್ತೆ ಎಳೆದುಕೊಂಡಳು. ರೋಗಿಗೆ ಭ್ರಮೆ, ಸಹಕರಿಸುತ್ತಿಲ್ಲ ಎಂದು ಬರೆದು ಕೈ ಕಟ್ಟಿದರು. ಮಾಸ್ಕ್ ಜಾರುವುದು ಅಪಾಯವೆಂದು ನನಗೂ ಗೊತ್ತು. ಆದರೆ ‘ಯಾಕವ್ವಾ, ಏನು ಬೇಕು?’ ಎಂದು ಒಬ್ಬರಾದರೂ ಕೇಳಿದರೇ? ನಾನು ಕೇಳಿದೆ. ಮಾಸ್ಕಿನೊಳಗಿಂದ ಹೇಳಿದಳು: “ಭಾವನೋರು ಎದುರಿಗೆ ಅದಾರ ಯವ್ವಾ, ನನ್ನ ತಲಿಮ್ಯಾಲ ಏನೂ ಇಲ್ಲ. ಕೈ ಯಾಕ ಕಟ್ಟ್ಯಾರ? ನಾ ಏನರ ಕಳವು ಮಾಡೇನೇನು?” ಇದು ಭ್ರಮೆಯೇ?

ಆ ಹಿರಿಯರು ಏನು ಮಾಡುತ್ತಿದ್ದಾರೆ ಗೊತ್ತೇ? ಎಡಕ್ಕೆ ಹೊರಳಿದರೆ ಎದೆ ನೋಯುತ್ತದೆ. ಆದರೂ ಇಡೀ ದಿನ ಎಡಕ್ಕೇ ಹೊರಳಿ ಗೋಡೆ ನೋಡುತ್ತಾ ಮಲಗಿರುತ್ತಾರೆ. ನನ್ನನ್ನು ಕರೆದು ಹೇಳಿದರು: “ನಿಮ್ಮವ್ವಗ ಹೇಳವ್ವಾ, ನಾ ಈ ಕಡೆ ಹೊಳ್ಳಿ ನೋಡಂಗಿಲ್ಲ. ಆಕಿ ಆರಾಮ ಮಲಗಲಿ.” ನಿಮ್ಮ ಆಸ್ಪತ್ರೆಯ ಪರದೆಯ ಕೆಲಸವನ್ನು ಈಗ ಒಬ್ಬ ಹೃದ್ರೋಗಿ ಮಾಡುತ್ತಿದ್ದಾರೆ, ಅದೂ ಸಂಬಳವಿಲ್ಲದೆ.

ಕೈ ಬಿಚ್ಚಿ ಎಂದು ಜಗಳಾಡಿದೆ. ನಿಮ್ಮ ಕರ್ತವ್ಯನಿರತ ವೈದ್ಯರು ಫೈಲಿನಿಂದ ಒಂದು ಇಂಗ್ಲಿಷ್ ಹಾಳೆ ತೆಗೆದು ತೋರಿಸಿದರು: “ಕೈ ಕಟ್ಟಾಕ ನೀವ ಒಪ್ಪಿಗಿ ಕೊಟ್ಟೀರಲ್ರಿ, ಇದು ನಿಮ್ಮ ಸಹಿ ಅಲ್ಲೇನು?” ನನ್ನದೇ. ದಾಖಲು ಮಾಡುವಾಗ ನಿಮ್ಮ ಸಿಬ್ಬಂದಿ ಹಾಳೆಯ ಮೇಲೆ ಹಾಳೆ ಮಗುಚುತ್ತಾ, “ಲಗೂನ ಮಾಡ್ರಿ ಅಕ್ಕಾರ, ಆಕ್ಸಿಜನ್ ಹಚ್ಚೂದೈತಿ” ಎಂದಿದ್ದರು. ತಾಯಿ ಏದುಸಿರು ಬಿಡುತ್ತಿದ್ದಳು, ನಾನು ಬೆರಳು ತೋರಿಸಿದಲ್ಲೆಲ್ಲ ಸಹಿ ಹಾಕಿದೆ. ಕಳೆದ ತಿಂಗಳು ವಿಧವಾ ವೇತನದ ಅರ್ಜಿಗೆ ಬಂದಿದ್ದ ದಾವಲಬಿ ಎಂಬಾಕೆ, “ಮದಲ ಪೂರಾ ಓದಿ ಹೇಳವ್ವಾ, ಆಮ್ಯಾಲ ಹೆಬ್ಬಟ್ಟ ಒತ್ತತೇನಿ” ಎಂದು ಹಟ ಹಿಡಿದಿದ್ದಳು. ಅಕ್ಷರ ಬಾರದ ಆಕೆ ಜಾಣೆ, ಕಾಗದದಲ್ಲೇ ಹೊಟ್ಟೆ ಹೊರೆಯುವ ನಾನು ಕತ್ತೆ. ಆ ಹಾಳೆ ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕರೆದುಕೊಂಡು ಹೋಗುತ್ತೇನೆ ಎಂದೆ. ಹೋಗಬಹುದಂತೆ, ಅದಕ್ಕೂ ಒಂದು ಫಾರ್ಮಿದೆಯಂತೆ. ದಾರಿಯಲ್ಲಿ ಜೀವ ಹೋದರೆ ನಾನೇ ಹೊಣೆ ಎಂದು ಸಹಿ ಹಾಕಬೇಕು. ದೂರು ಕೊಡೋಣವೆಂದು ಸೋಮವಾರ ನಿಮ್ಮ ಕಚೇರಿಗೆ ಚೊಕ್ಕ ಅಕ್ಷರದಲ್ಲಿ ಅರ್ಜಿ ಒಯ್ದೆ. ಗುಮಾಸ್ತರು ಓದಿ ಮರಳಿಸಿದರು: “ಇದರಾಗ ಪೇಷಂಟ್ ಸಹಿ ಇಲ್ರಿ. ಎಚ್ಚರ ಇದ್ದಾರಂತೀರಿ, ಅವರದ ಸಹಿ ಇಲ್ಲಂದ್ರ ಹೆಬ್ಬಟ್ಟು ಬೇಕು.” ಆ ಹೆಬ್ಬೆಟ್ಟನ್ನು ಮಂಚಕ್ಕೆ ಕಟ್ಟಿದ್ದಾರೆ, ಅದನ್ನು ಬಿಚ್ಚಿಸಲೆಂದೇ ಈ ಅರ್ಜಿ ಎಂದೆ. “ಮದಲ ಬಿಚ್ಚಿಸಿಕೊಂಡು ಒತ್ತಿಸಿಕೊಂಡು ಬರ್ರಿ” ಎಂದರು. ಅವರು ನಗಲೂ ಇಲ್ಲ.

ಒಂದು ದಿನ ಮಾತ್ರ, ಮಧ್ಯಾಹ್ನ, ಪುಣ್ಯಾತ್ಗಿತ್ತಿ ಒಬ್ಬ ದಾದಿ ಕೈ ಬಿಚ್ಚಿ, ಮೊದಲು ತಲೆಗೆ ಶುಭ್ರ ಬಟ್ಟೆ ಹೊದಿಸಿ, ಅದರ ಮೇಲೆ ಮಾಸ್ಕಿನ ಪಟ್ಟಿ ಬಿಗಿದಳು. ತಾಯಿ ಎರಡು ಗಂಟೆ ಮಾಸ್ಕ್ ಮುಟ್ಟದೆ ನಿದ್ದೆ ಮಾಡಿದಳು. ರೌಂಡ್ಸಿಗೆ ಬಂದ ವೈದ್ಯರು ಅದು ನಿಯಮದಲ್ಲಿಲ್ಲವೆಂದು ಬಟ್ಟೆ ತೆಗೆಸಿ ಮತ್ತೆ ಕಟ್ಟಿಸಿದರು. ದಾದಿಯ ಹೆಸರು ಬರೆಯುವುದಿಲ್ಲ, ನೋಟಿಸು ಕೊಡಲು ನಿಮಗೆ ಅರ್ಜಿ ಬೇಕಾಗುವುದಿಲ್ಲವಲ್ಲ.

ನಿಮ್ಮ ಕಚೇರಿ ತೆಗೆದುಕೊಳ್ಳದ್ದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಇದು ಅಚ್ಚಾದ ದಿನ ನಿಮ್ಮ ಸಿಬ್ಬಂದಿ ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಾರೋ ಎಂದು ಹೆದರಿಕೆಯಿದೆ. ತಾಯಿ ನಿಮ್ಮ ಕೈಯಲ್ಲಿದ್ದಾಳೆ. ಸುಮ್ಮನಿದ್ದರೆ ಆಕೆ ಕಟ್ಟಿಸಿಕೊಂಡೇ ಸಾಯುತ್ತಾಳೆ, ಬಾಯಿ ತೆರೆದರೆ ಏನಾಗುತ್ತದೋ ತಿಳಿಯದು. ಆದರೂ ಸಂಜೆ ನಾಲ್ಕಕ್ಕೆ ಭೇಟಿಯ ಬಾಗಿಲಲ್ಲಿ ನಿಂತಿರುತ್ತೇನೆ, ಬೇರೆಲ್ಲಿಗೆ ಹೋಗಲಿ?

ನಾನು ದೊಡ್ಡದೇನನ್ನೂ ಕೇಳುತ್ತಿಲ್ಲ. ಇವತ್ತೇ ತಾಯಿಯ ಕೈ ಬಿಚ್ಚಿ. ತಲೆಗೆ ಒಂದು ಗಜ ಬಟ್ಟೆ ಕೊಡಿ, ಇಲ್ಲವೆಂದರೆ ಕುದಿಸಿ ಒಣಗಿಸಿ ನಾನೇ ತರುತ್ತೇನೆ. ಆ ಕೋಲಿಗೆ ಪರದೆ ಹಾಕಿಸಿ, ಬಸಗೊಂಡಪ್ಪನವರೂ ನೋವಿಲ್ಲದ ಕಡೆಗೆ ಹೊರಳಲಿ. ನಾನು ಸಹಿ ಹಾಕಿದ ಒಪ್ಪಿಗೆಯನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ, ಅದನ್ನೂ ಫೈಲಿಗೆ ಸೇರಿಸಿ.

ಅರ್ಜಿಯ ಕೊನೆಗೆ ‘ತಮ್ಮ ವಿಧೇಯಳು’ ಎಂದು ಬರೆಯುವುದು ನನ್ನ ರೂಢಿ. ಈ ಸಲ ಕೈ ಬರುತ್ತಿಲ್ಲ.

ಇಂತಿ,
ಓದದೆ ಹಾಕಿದ ಸಹಿಯಿಂದ ಹೆತ್ತವಳ ಕೈ ಕಟ್ಟಿಸಿದ,
ಇದನ್ನು ಮಾತ್ರ ಮೂರು ಸಲ ಓದಿ ಸಹಿ ಹಾಕಿರುವ
ವಿದ್ಯಾವತಿ,
ಅರ್ಜಿ ಬರೆಯುವವಳು, ತಿಕೋಟಾ