ಇವತ್ತು ಡೆಲ್ಮರ್ ಬೀಳಿಸಿದ್ದು

ಟು ಹಾರ್ಬರ್ಸ್, ಮಿನ್ನೆಸೋಟ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ನನ್ನ ಬ್ರಿಟಾ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿಯೂ ಇದನ್ನು ಕಸದ ಬುಟ್ಟಿಗೆ ಹಾಕದೆ ಒಡೆದೆಯಲ್ಲ, ಅಷ್ಟು ಸಾಕು. ಫೋನಿನಲ್ಲಿ, ಇಂಟರ್‌ನೆಟ್ಟಿನಲ್ಲಿ, ಎಲ್ಲ ಕಡೆ ನೀನು ನನಗೆ ಬಾಗಿಲು ಹಾಕಿ ಐದು ವರ್ಷವಾಯಿತು. ಟಕ್ಸನ್‌ನ ವಿಳಾಸವನ್ನು ನಿನ್ನ ಸೋದರತ್ತೆ ಇಂಗಾಳಿಂದ ಪಡೆದೆ. ಅವಳ ಮೇಲೆ ಸಿಟ್ಟಾಗಬೇಡ. ಚರ್ಚಿನಿಂದ ಹೊರಟವಳನ್ನು ಅಡ್ಡಗಟ್ಟಿ ಹಿಮದಲ್ಲಿ ನಿಲ್ಲಿಸಿಕೊಂಡು ಕೇಳಿದೆ. ಪಾಪ, ಚಳಿ ತಡೆಯಲಾರದೆ ಕೊಟ್ಟಳು.

ನೋಡು, ತಮಾಷೆ ನುಸುಳಿಯೇಬಿಟ್ಟಿತು. ಹೆದರಿದಾಗ ನನಗೆ ಅದೊಂದೇ ಬರುವುದು. ಈ ಪತ್ರದಲ್ಲಿ ಬೇಡವೆಂದು ಮೂರು ಹಾಳೆ ಹರಿದಿದ್ದೇನೆ. ನನಗೆ ತುಂಬಾ ಹೆದರಿಕೆಯಾಗಿದೆ, ಬ್ರಿಟಾ.

ವಿಷಯ ಹೇಳಿಬಿಡುತ್ತೇನೆ. ಅಪ್ಪನಿಗೆ ಹಂಟಿಂಗ್ಟನ್ ಎಂಬ ಕಾಯಿಲೆ. ಮೆದುಳಿನದು. ಮೊದಲು ಕೈಕಾಲು ಮಾತು ಕೇಳುವುದಿಲ್ಲ, ಆಮೇಲೆ ನಾಲಿಗೆ, ಆಮೇಲೆ ಮನಸ್ಸು. ವಾಸಿಮಾಡುವ ಮದ್ದಿಲ್ಲ. ರಕ್ತಪರೀಕ್ಷೆಯ ಫಲಿತಾಂಶ ಮಂಗಳವಾರ ಬಂತು.

ಹೌದು, ನೀನು ಅವತ್ತೇ ಹೇಳಿದ್ದೆ. ನೀನು ಕೊನೆಯ ಸಲ ಮನೆಗೆ ಬಂದಿದ್ದ ಆ ಕ್ರಿಸ್‌ಮಸ್‌ನಲ್ಲಿ ಅಡುಗೆಮನೆಗೆ ಬಂದು, "ಅಮ್ಮಾ, ಅಪ್ಪ ಬೇಕಂತ ಮಾಡ್ತಿಲ್ಲ. ಅವ್ರ ಕಾಲು ನೋಡಿದ್ಯಾ? ಡಾಕ್ಟ್ರ ಹತ್ರ ಕರ್ಕೊಂಡು ಹೋಗು" ಎಂದಿದ್ದೆ. ನಾನು ಏನು ಮಾಡಿದೆ? 'ಹಲ್ಲು ಕ್ಲೀನ್ ಮಾಡುವ ನನ್ನ ಮಗಳು ಮೆದುಳಿನ ತಜ್ಞೆಯಾದದ್ದು' ಎಂದು ಇಂಟರ್‌ನೆಟ್ಟಿನಲ್ಲಿ ಬರೆದು ಹಾಕಿದೆ. ನಿನ್ನ ಬಗ್ಗೆ ಒಂದಕ್ಷರ ಬರೆಯಬಾರದೆಂದು ನೀನು ಅದಕ್ಕೂ ಎಷ್ಟೋ ಮೊದಲು ಮಾತು ತೆಗೆದುಕೊಂಡಿದ್ದೆ. ಆ ಬರಹವನ್ನು ಎಂಟು ಲಕ್ಷ ಜನ ಓದಿದರು. ನೀನು ಮರುದಿನವೇ ಹೊರಟುಹೋದೆ.

ನನ್ನ ಪರವಾಗಿ ವಾದಿಸಲು ಹೊರಟಿಲ್ಲ, ಆದರೂ ಒಂದು ಮಾತು. ಇಪ್ಪತ್ತೆರಡು ವರ್ಷ ಶಾಲೆಯ ಲೈಬ್ರರಿಯಲ್ಲಿ ಮಕ್ಕಳಿಗೆ 'ಶ್' ಎನ್ನುವುದೇ ನನ್ನ ಉದ್ಯೋಗವಾಗಿತ್ತು. ಒಂಬತ್ತು ವರ್ಷದ ಹಿಂದೆ ಚರ್ಚಿನ ನೆಲಮಾಳಿಗೆಯ ಊಟದಲ್ಲಿ ಅಪ್ಪ ಒಲೆಯಿಂದ ಆಗತಾನೆ ತೆಗೆದ ಮಾಂಸ-ಆಲೂಗಡ್ಡೆಯ ಹಾಟ್‌ಡಿಶ್ಶನ್ನು ಇಡೀ ಟ್ರೇ ಸಮೇತ ಪಾಸ್ಟರ್ ಬೂಟಿನ ಮೇಲೆ ಸುರಿದ. ಪಾಸ್ಟರ್ ತಲೆ ತಗ್ಗಿಸಿ ನೋಡಿ, "ಡೆಲ್ಮರ್, ಪಾದ ತೊಳೆಯೋದು ನೀರಲ್ಲಿ ಕಣಯ್ಯ" ಎಂದರು. ಮನೆಗೆ ಬಂದು ಅದನ್ನೇ ಬರೆದು ಹಾಕಿದೆ. ನೆಂಟರಿಷ್ಟರು ನಲವತ್ತು ಜನ ಓದಿಯಾರು ಎಂದುಕೊಂಡಿದ್ದೆ. ವಾರ ಕಳೆಯುವಷ್ಟರಲ್ಲಿ ನಾಲ್ಕು ಲಕ್ಷ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನಿಂದ ಜನ ಗಟ್ಟಿಯಾಗಿ ಸದ್ದು ಮಾಡಿದರು. ಆ ರುಚಿ ಹತ್ತಿತು.

ಆಮೇಲೆ ವಾರಕ್ಕೊಂದು 'ಇವತ್ತು ಡೆಲ್ಮರ್ ಬೀಳಿಸಿದ್ದು'. ಪುಸ್ತಕವಾಯಿತು, ಮಿನಿಯಾಪೊಲಿಸ್‌ನಲ್ಲಿ ಸಭೆಗಳಾದವು, 'ಡೆಲ್ಮರ್, ಮುಟ್ಟಬೇಡ' ಎಂದು ಅಚ್ಚುಹಾಕಿದ ಕಾಫಿ ಕಪ್ಪುಗಳು ಬಂದವು. ಸಭೆಗಳಿಗೆ ಅಪ್ಪನೂ ಬರುತ್ತಿದ್ದ. ವೇದಿಕೆ ಹತ್ತುವಾಗ ಎಡವಿದರೆ ಜನ ಎದ್ದುನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಅವನೂ ನಗುತ್ತಾ ಕೈ ಎತ್ತುತ್ತಿದ್ದ. ಒರೆಗಾನ್‌ನ ಒಬ್ಬ ನರ್ಸ್ ಮೂರು ಸಲ ಬರೆದಿದ್ದಳು: ಇದು ನಗುವ ವಿಷಯವಲ್ಲ, ನಿಮ್ಮ ಗಂಡನನ್ನು ಯಾರಿಗಾದರೂ ತೋರಿಸಿ ಎಂದು. ಮೂರನೆಯ ಸಲದ ಮೇಲೆ ಅವಳು ಮತ್ತೆ ಬರೆಯಲಾಗದಂತೆ ಬ್ಲಾಕ್ ಮಾಡಿದೆ.

ಇನ್ನೂ ಒಂದಿದೆ, ಇದನ್ನು ಯಾರಿಗೂ ಹೇಳಿಲ್ಲ. ಕೆಲವು ವಾರ ಅವನು ಏನೂ ಬೀಳಿಸುತ್ತಿರಲಿಲ್ಲ. ಬರೆಯಲು ಏನೂ ಇಲ್ಲವಲ್ಲ ಎಂದು ನನಗೆ ಚಡಪಡಿಕೆ. ಆಗ ಅವನ ಕೈಗೆ ಎರಡು ತಟ್ಟೆ ಹೆಚ್ಚು ಕೊಟ್ಟು ಕಳಿಸುತ್ತಿದ್ದೆ. ಕೊಟ್ಟು, ಕಿವಿಗೊಟ್ಟು ನಿಲ್ಲುತ್ತಿದ್ದೆ.

ಡುಲೂತ್‌ನ ಡಾಕ್ಟರ್ ಥಾವ್ ಚಿಕ್ಕ ವಯಸ್ಸಿನವರು, ಮೆದುಮಾತಿನ ಹೆಂಗಸು. ಮೊದಲ ಭೇಟಿಯಲ್ಲಿ, ಇದೆಲ್ಲ ಯಾವಾಗ ಶುರುವಾಯಿತು ಎಂದು ಅವರು ಕೇಳಿದಾಗ ಅಪ್ಪ ನನ್ನ ಕಡೆ ಬೆರಳು ತೋರಿಸಿದ. "ಇವಳ್ನ ಕೇಳಿ ಡಾಕ್ಟ್ರೇ. ನನ್ ರೋಗ ಪೂರ್ತಿ ಇವಳ ಹತ್ರಾನೇ ಇದೆ, ತಾರೀಖು ಸಮೇತ" ಎಂದ. ತಮಾಷೆಗೇ ಅಂದದ್ದು. ಡಾಕ್ಟರ್ ನಗಲಿಲ್ಲ. ನಾನೂರ ಹನ್ನೆರಡು ಬರಹಗಳನ್ನೂ ಮುದ್ರಿಸಿಕೊಂಡು ಬರಲು ಹೇಳಿದರು. "ಯಾವ್ದು ನಿಜವಾಗಿ ನಡ್ದಿದ್ದು, ಯಾವ್ದು ನೀವು ಕಟ್ಟಿದ್ದು, ಒಂದೊಂದಕ್ಕೂ ಗುರುತು ಹಾಕಿ ತನ್ನಿ" ಎಂದರು.

ಹಸಿರು ಪೆನ್ಸಿಲ್ ನಿಜಕ್ಕೆ, ಕೆಂಪು ಸುಳ್ಳಿಗೆ. ನಾಲ್ಕು ದಿನ ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಅವನು ಗ್ಯಾರೇಜಿನ ಏಣಿಯಿಂದ ಬಿದ್ದದ್ದು ಒಂದು ಸಲವೋ, ಮೂರು ಸಲವೋ? ಮೀನು ಹಿಡಿಯಲು ಕೊರೆದ ಮಂಜುಗಡ್ಡೆಯ ತೂತಿಗೆ ಕನ್ನಡಕ ಬೀಳಿಸಿದ್ದು ನಾನು ಕಂಡದ್ದೋ, ಕಟ್ಟಿದ್ದೋ? ಗೊತ್ತಾಗುತ್ತಿಲ್ಲ, ಬ್ರಿಟಾ. ಮೂವತ್ನಾಲ್ಕು ವರ್ಷ ಜೊತೆಗೆ ಬಾಳಿದ ಗಂಡ, ಅವನು ಹೇಗಿದ್ದನೆಂದು ತಿಳಿಯಲು ನಾನು ಬರೆದ ನಗೆಬರಹವನ್ನೇ ಓದುತ್ತಿದ್ದೇನೆ, ಅದರಲ್ಲಿ ಅವನು ಸಿಗುತ್ತಿಲ್ಲ. ಕೆಂಪೆಂದು ಗುರುತು ಹಾಕಿದ್ದನ್ನು ನೋಡಿ ಅಪ್ಪನೇ ಎಷ್ಟೋ ಕಡೆ, "ಇಲ್ಲ ಕಣೇ ಲೋರ್ನಾ, ಇದು ನಡ್ದಿತ್ತು. ನಿಂಗೆ ಹೇಳಿರ್ಲಿಲ್ಲ ಅಷ್ಟೆ" ಎಂದು ಹಸಿರು ಗೀರಿದ. ನಾನು ಕಟ್ಟಿದೆನೆಂದುಕೊಂಡದ್ದನ್ನು ಅವನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅನುಭವಿಸಿದ್ದ.

ನಿನ್ನ ಅಜ್ಜ ಆರ್ವಿಡ್ ಕುಡಿದು ಕೆಟ್ಟವರೆಂದು ಈ ಊರೇ ಹೇಳುತ್ತಿತ್ತಲ್ಲ? ಅವರು ಒಂದು ತೊಟ್ಟೂ ಮುಟ್ಟಿದವರಲ್ಲವೆಂದು ಅಪ್ಪ ಮಂಗಳವಾರ ಡಾಕ್ಟರ ಮುಂದೆ ಹೇಳಿದ. ತೂರಾಡುವುದಕ್ಕೆ ಬೇರೆ ಕಾರಣ ಯಾರಿಗೂ ಗೊತ್ತಿರಲಿಲ್ಲವಂತೆ. ಕುಡುಕ ಎನಿಸಿಕೊಳ್ಳುವುದೇ ವಾಸಿ ಎಂದು ಮನೆಯವರೂ ಸುಮ್ಮನಿದ್ದರಂತೆ.

ಇದು ರಕ್ತದಲ್ಲಿ ಇಳಿದು ಬರುವ ಕಾಯಿಲೆ. ಅಪ್ಪ ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ: "ನಮ್ ಹುಡ್ಗಿಗೆ?" ಅರ್ಧಕ್ಕರ್ಧ ಎಂದರು. ಬಂದರೂ ಬಂದೀತು, ಬರದೆಯೂ ಇದ್ದೀತು. ರಕ್ತಪರೀಕ್ಷೆ ಮಾಡಿಸಿಕೊಂಡರೆ ತಿಳಿಯುತ್ತದೆ. ತಿಳಿಯುವುದೇ ಬೇಡವೆನ್ನುವವರೂ ಇದ್ದಾರಂತೆ, ಅದು ಅವರವರ ಇಷ್ಟವಂತೆ.

ಸ್ವಲ್ಪ ತಾಳು.

ಏನೂ ಅಲ್ಲ, ಸಕ್ಕರೆ ಡಬ್ಬಿ. ಒಳಗೆ ಏನಾದರೂ ಬಿದ್ದ ಸದ್ದಾದರೆ ಈಗಲೂ ನನ್ನ ಕೈ ಮೊದಲು ಪೆನ್ನಿಗೆ ಹೋಗುತ್ತದೆ, ಕಾಲು ಆಮೇಲೆ ಓಡುತ್ತದೆ. ನನ್ನನ್ನು ಕಂಡರೆ ನನಗೇ ಭಯ. ಏನೂ ಬೀಳದಿದ್ದರೆ ಇನ್ನೂ ಭಯ. ಎದ್ದುಹೋಗಿ ಉಸಿರಾಡುತ್ತಿದ್ದಾನೆಯೇ ಎಂದು ನೋಡಿ ಬರುತ್ತೇನೆ.

ಬರೆಯುವುದನ್ನು ನಿಲ್ಲಿಸಿದ್ದೇನೆ. ಯಾಕೆಂದು ಎಲ್ಲೂ ಹೇಳಿಲ್ಲ. ಡೆಲ್ಮರ್ ಎಲ್ಲಿ, ಡೆಲ್ಮರ್ ಎಲ್ಲಿ ಎಂದು ದಿನಕ್ಕೆ ಸಾವಿರ ಜನ ಕೇಳುತ್ತಿದ್ದಾರೆ.

ನನ್ನನ್ನು ಕ್ಷಮಿಸು ಎಂದು ಕೇಳಲು ಇದು ಸಮಯವಲ್ಲ. ಬಂದು ಅಪ್ಪನನ್ನು ನೋಡು. ಅವನ ಮಾತು ಇನ್ನೂ ಸ್ಪಷ್ಟವಾಗಿದೆ. ನೀನು ಬರುವಾಗ ನಾನು ಮನೆಯಲ್ಲಿರಬಾರದೆಂದರೆ ಇಂಗಾಳ ಮನೆಗೆ ಹೋಗಿರುತ್ತೇನೆ.

ನಿನ್ನ ಅಮ್ಮ,
ಲೋರ್ನಾ

(ಕೆಳಗಿನ ವಕ್ರ ಗೀಟು ಅಪ್ಪನ ಸಹಿ. ಪತ್ರ ಪೂರ್ತಿ ಓದಿ, "ಹೆದರಿಸ್ಬೇಡ ಅಂದಿದ್ನಲ್ಲೇ" ಎಂದು ಬೈದು ಸಹಿ ಹಾಕಿದ.)

ತಾ.ಕ.: ಅಪ್ಪ ನಾಯಿಯನ್ನು ಕರೆದುಕೊಂಡು ಸರೋವರದ ಕಡೆ ಹೋದ. ಇನ್ನು ಬರೆಯುವುದನ್ನು ಅವನು ನೋಡುವುದಿಲ್ಲ.

ಬರಹಗಳ ಕಟ್ಟಿನಲ್ಲಿ ಮೂರಕ್ಕೆ ನಾನು ಕೆಂಪು ಹಾಕಿ ಕೊಟ್ಟೆ. ಅಪ್ಪನೂ ಅವನ್ನು ನೋಡಿ, ಇವು ನಡೆದಿಲ್ಲ ಎಂದ. ಕಾಫಿ ಕೆಟಲು ಒಂದೇ ಬೆಳಿಗ್ಗೆ ಎರಡು ಸಲ ಕೈಜಾರಿದ್ದು. ಮೇಜಿನ ಕೆಳಗೆ ಕಾಲು ತಾನಾಗಿ ಒದೆಯುತ್ತಿದ್ದರಿಂದ ನಾಯಿ ಎದ್ದುಹೋದದ್ದು. ಸೌದೆ ಹಿಡಿದು ಬರುವಾಗ, ಹುಟ್ಟಿದಾಗಿನಿಂದ ಹತ್ತಿಳಿದ ಮೆಟ್ಟಿಲು ತಪ್ಪಿದ್ದು. ಮೂರೂ ನಡೆದದ್ದೇ, ಆ ಕ್ರಿಸ್‌ಮಸ್ ವಾರದಲ್ಲಿ. ನೀನು ಹೋದ ಮೇಲೆ ನಿನ್ನ ಹೆಸರು ಮತ್ತೆಂದೂ ಬಳಸುವುದಿಲ್ಲವೆಂದು ಆಣೆ ಮಾಡಿಕೊಂಡೆ, ಆದರೆ ಅಷ್ಟು ಚೆನ್ನಾಗಿದ್ದ ಸರಕನ್ನು ಬಿಡಲು ಮನಸ್ಸಾಗಲಿಲ್ಲ. ನಿನಗಾದದ್ದನ್ನೇ ಹೆಸರು ಬದಲಿಸಿ ಅಪ್ಪನದೆಂದು ಬರೆದೆ.

ಏನೂ ಇಲ್ಲದೆಯೂ ಇರಬಹುದು. ಯಾರ ಕೈಯಾದರೂ ಜಾರುತ್ತದೆ. ಆದರೆ ಈ ಮಾತನ್ನು ಒಂಬತ್ತು ವರ್ಷ ನಾನೇ ಬರೆದುಕೊಂಡು ಬಂದಿದ್ದೇನೆ, ಬ್ರಿಟಾ. ನೀನು ಡಾಕ್ಟರ ಹತ್ತಿರ ಹೋಗು.