ನಕ್ಷೆಯೊಳಗಿನ ಕೆರೆ

ಸಗರ, ಮಾರ್ಚ್ ೯

ಭುವನೇಶ್ವರಿ ಮೇಡಂ ಅವರಿಗೆ ಕಾಲುವೆ ಗೇಟು ನೋಡಿಕೊಳ್ಳುವ ದೇವಿಂದ್ರನ ನಮಸ್ಕಾರ.

ನೀವು ಮಾಡಿದ ಹೊಸ ಬಡಾವಣೆಯ ನಕ್ಷೆ ಪಂಚಾಯಿತಿ ಗೋಡೆಯ ಮೇಲಿದೆ. ಶಾಲೆ, ದವಾಖಾನೆ, ಬಜಾರ, ಸೋಲಾರ್ ದೀಪ ಎಲ್ಲ ಇವೆ. ನಡುವೆ ಸಾವಿರ ಮನೆಗೆ ನೀರು ಕೊಡುವ ಕೆರೆಯೂ ಇದೆ.

ಅಲ್ಲಿ ಕೆರೆ ಇಲ್ಲ ಮೇಡಂ. ಹೋದ ತಿಂಗಳು ನೀವು ಜಾಗ ನೋಡಲು ಬರುವ ಮೊದಲು ಜಮೀನಿನ ಮಾಲೀಕರು ಬಂದು, "ತಗ್ಗಿನ ಹೊಲಕ್ಕ ನೀರು ಬಿಡೋ, ಮೇಡಂ ಬರಾಕತ್ತಾರ" ಅಂದರು. ಗೇಟು ಎತ್ತಿದವನು ನಾನೇ. ನಿನ್ನೆ ಮತ್ತೆ ಅದೇ ಮಾತು ಹೇಳಿ ಹೋಗಿದ್ದಾರೆ.

ಇದು ನಿಮಗೂ ಗೊತ್ತಿದ್ದರೆ ಈ ಪತ್ರ ಹರಿದುಬಿಡಿ. ಗೊತ್ತಿಲ್ಲದಿದ್ದರೆ ಈ ವಾರ ಬರಬೇಡಿ. ಏಪ್ರಿಲ್‌ನಲ್ಲಿ ಕಾಲುವೆ ಬಂದ್ ಆದ ಮೇಲೆ, ಯಾರಿಗೂ ಹೇಳದೆ ಬನ್ನಿ. ನಿಮ್ಮ ಕೆರೆಯ ನಡುವೆ ಹೋಗಿ ನಿಲ್ಲಿ. ಚಪ್ಪಲಿ ಬಿಚ್ಚುವ ಅಗತ್ಯ ಬೀಳುವುದಿಲ್ಲ.

ಇಂತಿ,
ದೇವಿಂದ್ರ